ಹುಡುಕಾಟ ಬೇರೆ ಥ್ರೆಡ್‌ಗೆ ಹೋಯಿತು, ಆದರೂ ವಿಂಡೋ ಏಕೆ ಮರಗಟ್ಟುತ್ತದೆ?

ಪ್ರಶ್ನೆ: ವಿಂಡೋಸ್‌ನಲ್ಲಿ ಓಡುವ ಒಂದು ತಂತ್ರಾಂಶವನ್ನು ಸಿ ಶಾರ್ಪ್ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಸುಮಾರು ನಾಲ್ಕು ಲಕ್ಷ ದಾಖಲೆಗಳಿವೆ. ಬಳಕೆದಾರರು ಹುಡುಕಾಟದ ಪೆಟ್ಟಿಗೆಯಲ್ಲಿ ಒಂದೊಂದು ಅಕ್ಷರ ಒತ್ತಿದಂತೆ ಕೆಳಗಿನ ಪಟ್ಟಿ ಬದಲಾಗಬೇಕು. ಮೊದಲು ಎಲ್ಲವೂ ಒಂದೇ ಥ್ರೆಡ್‌ನಲ್ಲಿ (ತಂತ್ರಾಂಶದೊಳಗೆ ಸ್ವತಂತ್ರವಾಗಿ ಓಡುವ ಕೆಲಸದ ಎಳೆ) ಇತ್ತು, ಟೈಪ್ ಮಾಡುವಾಗ ಹ್ಯಾಂಗ್ ಆಗುತ್ತಿತ್ತು. ಹಾಗಾಗಿ ಹುಡುಕಾಟವನ್ನು ಬೇರೆ ಥ್ರೆಡ್‌ಗೆ ಹಾಕಿದೆ. ಈಗಲೂ ಆಗಾಗ ವಿಂಡೋ ಬಿಳಿಚಿಕೊಂಡು ‘ಪ್ರತಿಕ್ರಿಯಿಸುತ್ತಿಲ್ಲ’ ಎನ್ನುತ್ತದೆ. ಕೆಲವೊಮ್ಮೆ ಹಿಂದೆ ಟೈಪ್ ಮಾಡಿದ್ದ ಪದದ ಫಲಿತಾಂಶ ಪಟ್ಟಿಯಲ್ಲಿ ಬಂದು ಕೂರುತ್ತದೆ. ‘ನಿಲ್ಲಿಸು’ ಬಟನ್ ಒತ್ತಿದರೂ ಹುಡುಕಾಟ ನಿಲ್ಲುವುದಿಲ್ಲ. ಕೀಲಿಮಣೆ ಮತ್ತು ಮೌಸ್‌ನ ಇನ್‌ಪುಟ್ ಓದುವುದಕ್ಕೆಂದೇ ಇನ್ನೊಂದು ಥ್ರೆಡ್ ಇಟ್ಟರೆ ಸರಿಹೋಗುತ್ತದೆಯೇ?

ಉತ್ತರ: ಬೇಡ, ಇನ್‌ಪುಟ್‌ಗೆಂದು ಪ್ರತ್ಯೇಕ ಥ್ರೆಡ್ ಇಡಬೇಡಿ. ನೀವು ಹೇಳಿದ ಮೂರು ತೊಂದರೆಗಳೂ ಈಗಿರುವ ಎರಡು ಥ್ರೆಡ್‌ಗಳು ಪರಸ್ಪರ ಮಾತನಾಡುವ ರೀತಿಯಿಂದಲೇ ಹುಟ್ಟಿವೆ. ಮೂರನೆಯದು ಬಂದರೆ ಗೋಜಲು ಇನ್ನಷ್ಟು ಹೆಚ್ಚುತ್ತದೆ. ಭಾರವಾದ ಕೆಲಸವನ್ನು ಮುಖ್ಯ ಥ್ರೆಡ್‌ನಿಂದ, ಅಂದರೆ ವಿಂಡೋವನ್ನು ನೋಡಿಕೊಳ್ಳುವ ಥ್ರೆಡ್‌ನಿಂದ, ಹೊರಗೆ ಸಾಗಿಸಿದ್ದೀರಿ, ಅದು ಸರಿಯಾದ ಮೊದಲ ಹೆಜ್ಜೆ. ಆದರೆ ಸಾಗಿಸಿದ ಮೇಲೂ ಮುಖ್ಯ ಥ್ರೆಡ್ ಎಲ್ಲೋ ಒಂದು ಕಡೆ ಆ ಕೆಲಸಕ್ಕಾಗಿ ಕಾಯುತ್ತಾ ನಿಂತಿದೆ, ಇಲ್ಲವೇ ಅದು ತಂದು ಸುರಿಯುವ ಫಲಿತಾಂಶಗಳನ್ನು ಬಾಚುವುದರಲ್ಲೇ ಮುಳುಗಿದೆ.

ಒಂದು ಕೀ ಒತ್ತಿದಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಕೀಲಿಮಣೆಯ ಸಂಕೇತವನ್ನು ಡ್ರೈವರ್ ಹಿಡಿದು ಆಪರೇಟಿಂಗ್ ಸಿಸ್ಟಮ್‌ಗೆ ಕೊಡುತ್ತದೆ. ಆ ಹೊತ್ತಿನಲ್ಲಿ ಬಳಕೆದಾರರು ಟೈಪ್ ಮಾಡುತ್ತಿರುವ ವಿಂಡೋವನ್ನು ಯಾವ ಥ್ರೆಡ್ ಸೃಷ್ಟಿಸಿತ್ತೋ ಆ ಥ್ರೆಡ್‌ನ ಸರದಿಗೆ ವಿಂಡೋಸ್ ಅದನ್ನು ಒಂದು ಸಂದೇಶವಾಗಿ ಸೇರಿಸುತ್ತದೆ. ನಿಮ್ಮ ಮುಖ್ಯ ಥ್ರೆಡ್ ಒಂದು ಲೂಪ್‌ನಲ್ಲಿ ಸುತ್ತುತ್ತಾ, ಸರದಿಯಿಂದ ಒಂದೊಂದೇ ಸಂದೇಶವನ್ನು ಎತ್ತಿಕೊಂಡು, ಅದಕ್ಕೆಂದು ನೀವು ಬರೆದಿಟ್ಟ ಫಂಕ್ಷನ್ ಅನ್ನು ಕರೆಯುತ್ತದೆ. ಆ ಫಂಕ್ಷನ್ ಮುಗಿದು ಮರಳಿದ ಮೇಲಷ್ಟೇ ಮುಂದಿನ ಸಂದೇಶ. ಅಂದರೆ ಇನ್‌ಪುಟ್ ಅನ್ನು ಹಿಡಿದಿಡುವ ಕೆಲಸ ನಿಮ್ಮ ತಂತ್ರಾಂಶದ ಹೊರಗೆ, ಮುಖ್ಯ ಥ್ರೆಡ್ ಎಷ್ಟೇ ಗಡಿಬಿಡಿಯಲ್ಲಿದ್ದರೂ, ನಡೆದೇ ಇರುತ್ತದೆ. ಐದು ಕೀ ಒತ್ತಿದ ಮೇಲೆ ವಿಂಡೋ ಎರಡು ಸೆಕೆಂಡ್ ಕಲ್ಲಿನಂತೆ ಕೂತು, ಆಮೇಲೆ ಐದೂ ಅಕ್ಷರಗಳು ಒಮ್ಮೆಲೇ ಬಂದು ಬೀಳುವುದನ್ನು ನೀವು ಕಂಡಿರುತ್ತೀರಿ. ಅಕ್ಷರಗಳು ಕಳೆದುಹೋಗಿರಲಿಲ್ಲ, ಸರದಿಯಲ್ಲಿ ನಿಂತಿದ್ದವು. ಎತ್ತಿಕೊಳ್ಳಬೇಕಾದ ಥ್ರೆಡ್‌ಗೆ ಬಿಡುವಿರಲಿಲ್ಲ. ನೀವು ಬೇರೊಂದು ಥ್ರೆಡ್‌ನಿಂದ ಇನ್‌ಪುಟ್ ಓದಿದರೂ, ಪೆಟ್ಟಿಗೆಯಲ್ಲಿ ಅಕ್ಷರ ಮೂಡಿಸಲು ಕೊನೆಗೆ ಅದೇ ಮುಖ್ಯ ಥ್ರೆಡ್ ಬರಬೇಕು.

ಈ ಸರದಿಗೊಂದು ಇತಿಹಾಸವಿದೆ. 16 ಬಿಟ್‌ನ ಹಳೆಯ ವಿಂಡೋಸ್‌ನಲ್ಲಿ ಇಡೀ ಯಂತ್ರಕ್ಕೆ ಒಂದೇ ಇನ್‌ಪುಟ್ ಸರದಿ ಇತ್ತು. ಯಾವುದೋ ಒಂದು ತಂತ್ರಾಂಶ ತನ್ನ ಸಂದೇಶವನ್ನು ಎತ್ತಿಕೊಳ್ಳದೆ ಕೂತರೆ ಅದರ ಹಿಂದೆ ನಿಂತ ಎಲ್ಲ ತಂತ್ರಾಂಶಗಳೂ ಕೂರಬೇಕಾಗಿತ್ತು. ವಿಂಡೋಸ್ ಎನ್‌ಟಿ ಮತ್ತು ವಿಂಡೋಸ್ 95 ಬಂದಾಗ ಸರದಿಗಳನ್ನು ಬೇರ್ಪಡಿಸಿದರು. ಅಲ್ಲಿಂದಾಚೆಗೆ ಒಬ್ಬರ ತಪ್ಪಿಗೆ ಉಳಿದವರು ಶಿಕ್ಷೆ ಅನುಭವಿಸುವುದು ತಪ್ಪಿತು. ಆದರೆ ನಮ್ಮ ವಿಂಡೋ ಒಳಗಿನ ತಪ್ಪಿಗೆ ನಾವೇ ಹೊಣೆಗಾರರಾದೆವು. ಈಗ ಒಂದು ಥ್ರೆಡ್ ಐದು ಸೆಕೆಂಡ್‌ಗಳ ಕಾಲ ತನ್ನ ಸರದಿಯ ಕಡೆ ತಲೆಹಾಕದಿದ್ದರೆ ವಿಂಡೋಸ್ ಆ ವಿಂಡೋವನ್ನು ಸ್ಪಂದಿಸದ ವಿಂಡೋ ಎಂದು ತೀರ್ಮಾನಿಸಿ, ಅದರ ಜಾಗದಲ್ಲಿ ಬಿಳಿಚಿದ ನಕಲೊಂದನ್ನು ತೋರಿಸುತ್ತದೆ. ನೀವು ಕಾಣುತ್ತಿರುವುದು ಅದನ್ನೇ. ಆಂಡ್ರಾಯ್ಡ್ ಕೂಡ ಸ್ಪರ್ಶಕ್ಕೋ ಕೀಗೋ ಐದು ಸೆಕೆಂಡ್‌ಗಳಲ್ಲಿ ಉತ್ತರ ಬಾರದಿದ್ದರೆ ಆ್ಯಪ್ ಅನ್ನು ಮುಚ್ಚಲೇ ಎಂದು ಕೇಳುತ್ತದೆ.

ಐದು ಸೆಕೆಂಡ್ ಎಂಬುದು ಯಂತ್ರದ ತಾಳ್ಮೆ. ಮನುಷ್ಯರ ತಾಳ್ಮೆ ಅದಕ್ಕಿಂತ ಬಹಳ ಕಡಿಮೆ. ಕಂಪ್ಯೂಟರ್ ಸಂಶೋಧಕ ರಾಬರ್ಟ್ ಮಿಲ್ಲರ್ 1968ರಲ್ಲೇ ಈ ಬಗ್ಗೆ ಬರೆದಿದ್ದರು. 1993ರಲ್ಲಿ ತಂತ್ರಾಂಶಗಳ ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ ಅದನ್ನು ಮೂರು ಮೆಟ್ಟಿಲುಗಳಲ್ಲಿ ಹೇಳಿದರು: 0.1 ಸೆಕೆಂಡ್‌ನೊಳಗೆ ಉತ್ತರ ಬಂದರೆ ತಾನು ಒತ್ತಿದ್ದಕ್ಕೇ ಆಯಿತು ಎನಿಸುತ್ತದೆ, 1 ಸೆಕೆಂಡ್‌ವರೆಗೆ ಯೋಚನೆಯ ಎಳೆ ಕಡಿಯುವುದಿಲ್ಲ, 10 ಸೆಕೆಂಡ್ ದಾಟಿದರೆ ಗಮನ ಬೇರೆಡೆಗೆ ಹೋಗುತ್ತದೆ. ಟೈಪ್ ಮಾಡಿದ ಅಕ್ಷರ ಮೂಡುವುದಕ್ಕೆ ಮೊದಲ ಮೆಟ್ಟಿಲೇ ಅಳತೆ. ಪರದೆ ಸೆಕೆಂಡಿಗೆ 60 ಬಾರಿ ಹೊಸದಾಗುತ್ತಿದ್ದರೆ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್, 120 ಬಾರಿಯಾದರೆ 8.3. ಮುಖ್ಯ ಥ್ರೆಡ್‌ನಲ್ಲಿ ಓಡುವ ನಿಮ್ಮ ಯಾವುದೇ ಫಂಕ್ಷನ್ ಇಷ್ಟರೊಳಗೆ ಮುಗಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. 50 ಮಿಲಿಸೆಕೆಂಡ್ ದಾಟಿದರೆ ನಾನು ಅದನ್ನು ದೋಷ ಎಂದೇ ಬರೆದಿಟ್ಟುಕೊಳ್ಳುತ್ತೇನೆ.

ಹಾಗಾದರೆ ಪರದೆಯ ಭಾಗಗಳನ್ನು ಹಲವು ಥ್ರೆಡ್‌ಗಳು ಏಕೆ ಮುಟ್ಟಬಾರದು? ಹಲವರು ಪ್ರಯತ್ನಿಸಿ ಕೈಬಿಟ್ಟ ದಾರಿ ಅದು. ಕಾರಣ ಸೊಗಸಾಗಿದೆ, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ. ಇನ್‌ಪುಟ್ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ: ಮೌಸ್ ಕ್ಲಿಕ್ ಮೊದಲು ಆಪರೇಟಿಂಗ್ ಸಿಸ್ಟಮ್‌ಗೆ, ಅಲ್ಲಿಂದ ವಿಂಡೋಗೆ, ಅಲ್ಲಿಂದ ಬಟನ್‌ಗೆ, ಕೊನೆಗೆ ನಿಮ್ಮ ದತ್ತಾಂಶಕ್ಕೆ ಬರುತ್ತದೆ. ನಿಮ್ಮ ತಂತ್ರಾಂಶ ಪರದೆಯನ್ನು ಬದಲಿಸುವಾಗ ದಾರಿ ತಿರುವುಮುರುವು: ಮೊದಲು ದತ್ತಾಂಶ, ಆಮೇಲೆ ಪಟ್ಟಿ, ಆಮೇಲೆ ವಿಂಡೋ, ಕೊನೆಗೆ ಸಿಸ್ಟಮ್. ಪ್ರತಿ ಹಂತಕ್ಕೂ ಒಂದು ಲಾಕ್ (ಒಮ್ಮೆಗೆ ಒಂದೇ ಥ್ರೆಡ್ ಹಿಡಿಯಬಲ್ಲ ಬೀಗ) ಇದ್ದರೆ, ಒಂದು ಥ್ರೆಡ್ ಕೆಳಗಿನ ಲಾಕ್ ಹಿಡಿದು ಮೇಲಿನದಕ್ಕೆ ಕೈಚಾಚುತ್ತದೆ, ಇನ್ನೊಂದು ಮೇಲಿನದನ್ನು ಹಿಡಿದು ಕೆಳಗಿನದಕ್ಕೆ ಕೈಚಾಚುತ್ತದೆ. ಇಬ್ಬರೂ ಬಿಡುವುದಿಲ್ಲ, ಇಬ್ಬರಿಗೂ ಸಿಗುವುದಿಲ್ಲ. ಸನ್ ಮೈಕ್ರೋಸಿಸ್ಟಮ್ಸ್‌ನ ಗ್ರಹಾಂ ಹ್ಯಾಮಿಲ್ಟನ್ 2004ರಲ್ಲಿ ಈ ತೊಡಕನ್ನು ಬಿಡಿಸಿ ಹೇಳಿ, ಬಹುಥ್ರೆಡ್ ಪರದೆಯ ಟೂಲ್‌ಕಿಟ್‌ಗಳ (ಬಟನ್, ಪಟ್ಟಿ ಮುಂತಾದವನ್ನು ಕಟ್ಟಿಕೊಡುವ ಸಿದ್ಧ ಕೋಡ್ ಸಂಗ್ರಹಗಳ) ಕನಸು ಕೈಗೂಡದ ಕನಸೇ ಇರಬೇಕು ಎಂದು ಬರೆದರು. ಜಾವಾದ ಸ್ವಿಂಗ್, ಆ್ಯಪಲ್‌ನ ಯುಐಕಿಟ್, ಆಂಡ್ರಾಯ್ಡ್, ಕ್ಯೂಟಿ, ಸಿ ಶಾರ್ಪ್‌ನ ವೇದಿಕೆಯಾದ ಡಾಟ್‌ನೆಟ್‌ನ ವಿಂಡೋಸ್ ಫಾರ್ಮ್ಸ್ ಮತ್ತು ಡಬ್ಲ್ಯೂಪಿಎಫ್, ಇವೆಲ್ಲವೂ ಪರದೆಯನ್ನು ಒಂದೇ ಥ್ರೆಡ್‌ನ ಸೊತ್ತಾಗಿ ಇಟ್ಟಿರುವುದು ಈ ಕಾರಣಕ್ಕೆ.

ಈಗ ನಿಮ್ಮ ವಿಂಡೋ ಬಿಳಿಚಿಕೊಳ್ಳುವ ವಿಷಯಕ್ಕೆ ಬರುತ್ತೇನೆ. ನನ್ನ ಮೊದಲ ಅನುಮಾನ ಫಲಿತಾಂಶಗಳ ಪ್ರವಾಹದ ಮೇಲೆ. ಹೊಂದುವ ಒಂದೊಂದು ದಾಖಲೆ ಸಿಕ್ಕ ಕೂಡಲೇ ಹಿನ್ನೆಲೆಯ ಥ್ರೆಡ್ ‘ಇದನ್ನು ಪಟ್ಟಿಗೆ ಸೇರಿಸು’ ಎಂದು ಮುಖ್ಯ ಥ್ರೆಡ್‌ಗೆ ಸಂದೇಶ ಹಾಕುತ್ತಿದೆಯೇ? ಬಳಕೆದಾರರು ಮೊದಲ ಅಕ್ಷರ ಒತ್ತಿದಾಗ ನಾಲ್ಕು ಲಕ್ಷದಲ್ಲಿ ಒಂದು ಲಕ್ಷ ದಾಖಲೆಗಳಾದರೂ ಹೊಂದಬಹುದು. ಅಂದರೆ ಸರದಿಗೆ ಒಂದು ಲಕ್ಷ ಸಂದೇಶ. ಇಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ವಿಂಡೋಸ್‌ನ ಸರದಿ ಬಂದವರಿಗೆ ಬಂದ ಕ್ರಮದಲ್ಲಿ ಕೊಡುವ ಸರದಿಯಲ್ಲ. ತಂತ್ರಾಂಶ ತನಗೆ ತಾನೇ ಹಾಕಿಕೊಂಡ ಸಂದೇಶಗಳನ್ನು ಅದು ಮೊದಲು ಕೊಡುತ್ತದೆ, ಕೀಲಿಮಣೆ ಮತ್ತು ಮೌಸ್‌ನ ಇನ್‌ಪುಟ್ ಅವುಗಳ ನಂತರ, ಪರದೆಯನ್ನು ಮತ್ತೆ ಬರೆಯುವ ಸಂದೇಶ ಅದಕ್ಕೂ ನಂತರ, ಟೈಮರ್ ಎಲ್ಲಕ್ಕಿಂತ ಕೊನೆಗೆ. ಹಿನ್ನೆಲೆಯ ಥ್ರೆಡ್ ಬಿಡದೆ ಸಂದೇಶ ಸುರಿಯುತ್ತಿರುವಷ್ಟು ಹೊತ್ತು ಬಳಕೆದಾರರ ಎರಡನೆಯ ಅಕ್ಷರಕ್ಕೆ ಸರದಿಯೇ ಬರುವುದಿಲ್ಲ. ಮುಖ್ಯ ಥ್ರೆಡ್ ಯಾವ ಭಾರದ ಕೆಲಸವನ್ನೂ ಮಾಡುತ್ತಿಲ್ಲ, ಆದರೂ ವಿಂಡೋ ಸತ್ತಂತೆ ಕಾಣುತ್ತದೆ. ಒಂದು ಸರದಿಯಲ್ಲಿ ಇಂಥ ಸಂದೇಶಗಳಿಗೆ ಸಾಮಾನ್ಯವಾಗಿ 10,000ದ ಮಿತಿಯೂ ಇದೆ. ಅದು ತುಂಬಿದರೆ ಹೊಸ ಸಂದೇಶ ಹಾಕುವ ಪ್ರಯತ್ನವೇ ಸೋಲುತ್ತದೆ.

ನೀವು ಡಬ್ಲ್ಯೂಪಿಎಫ್ ಬಳಸುತ್ತಿದ್ದರೆ ಇದೇ ಬಲೆ ಬೇರೆ ಹೆಸರಿನಲ್ಲಿದೆ. ಅಲ್ಲಿ ಮುಖ್ಯ ಥ್ರೆಡ್‌ನ ಕೆಲಸಗಳನ್ನು ಸರದಿಯಿಂದ ಎತ್ತಿ ನಡೆಸುವ ಡಿಸ್ಪ್ಯಾಚರ್‌ನಲ್ಲಿ ಪ್ರತಿ ಕೆಲಸಕ್ಕೂ ಒಂದು ಆದ್ಯತೆ ಇರುತ್ತದೆ. ಏನೂ ಹೇಳದೆ ಕಳುಹಿಸಿದ ಕೆಲಸ ‘ನಾರ್ಮಲ್’ ಆದ್ಯತೆ ಪಡೆಯುತ್ತದೆ. ಹೆಸರು ಕೇಳಿದರೆ ಸಾಧಾರಣವಾಗಿ ಕಾಣುತ್ತದೆ, ಆದರೆ ಅದರ ಅಂಕ 9, ‘ಇನ್‌ಪುಟ್’ ಆದ್ಯತೆಯ ಅಂಕ 5. ಅಂಕ ಹೆಚ್ಚಿದ್ದದ್ದು ಮೊದಲು ನಡೆಯುತ್ತದೆ. ಹಾಗಾಗಿ ಪಟ್ಟಿ ತುಂಬುವ ಕೆಲಸವನ್ನು ಅಂಕ 4ರ ‘ಬ್ಯಾಕ್‌ಗ್ರೌಂಡ್’ ಆದ್ಯತೆಯಲ್ಲಿ ಕಳುಹಿಸಿ. ಆಗ ಕೀ ಒತ್ತಿದ್ದು ಅದಕ್ಕಿಂತ ಮುಂದೆ ಹೋಗುತ್ತದೆ. ಇದೊಂದೇ ಬದಲಾವಣೆಯಿಂದ ಎಷ್ಟೋ ತಂತ್ರಾಂಶಗಳಿಗೆ ಜೀವ ಬಂದದ್ದನ್ನು ನೋಡಿದ್ದೇನೆ.

ಆದರೆ ಆದ್ಯತೆ ಬದಲಿಸಿದ ಮಾತ್ರಕ್ಕೆ ಒಂದು ಲಕ್ಷ ಸಂದೇಶಗಳು ಕಡಿಮೆಯಾಗುವುದಿಲ್ಲ. ಸರಿಯಾದ ಪರಿಹಾರವೆಂದರೆ ಒಂದೊಂದಾಗಿ ಕಳುಹಿಸುವುದನ್ನೇ ಬಿಡುವುದು. ಹಿನ್ನೆಲೆಯ ಥ್ರೆಡ್ ಫಲಿತಾಂಶಗಳನ್ನು ತನ್ನದೇ ಪಟ್ಟಿಯಲ್ಲಿ ಕೂಡಿಸಿಕೊಳ್ಳಲಿ. ಸುಮಾರು 100 ಮಿಲಿಸೆಕೆಂಡ್‌ಗೊಮ್ಮೆ ಕೂಡಿದ್ದಷ್ಟನ್ನು ಒಂದೇ ಕಟ್ಟಾಗಿ ಒಪ್ಪಿಸಲಿ, ಒಪ್ಪಿಸಿದ ಕಟ್ಟನ್ನು ಮತ್ತೆ ಮುಟ್ಟದಿರಲಿ. ಪರದೆಯ ಪಟ್ಟಿಯಲ್ಲಿ ಒಮ್ಮೆಗೆ ಕಾಣುವುದು ಮೂವತ್ತೋ ನಲವತ್ತೋ ಸಾಲು. ಒಂದು ಲಕ್ಷ ಸಾಲುಗಳಿಗೆ ಒಂದು ಲಕ್ಷ ವಸ್ತುಗಳನ್ನು ಸೃಷ್ಟಿಸುವ ಅಗತ್ಯವೇ ಇಲ್ಲ. ಪಟ್ಟಿಯ ವರ್ಚುವಲ್ ಮೋಡ್ ಬಳಸಿ. ‘ನನ್ನಲ್ಲಿ ಇಷ್ಟು ಸಾಲುಗಳಿವೆ’ ಎಂದಷ್ಟೇ ಹೇಳಿದರೆ, ಕಾಣಬೇಕಾದ ಸಾಲುಗಳನ್ನು ಮಾತ್ರ ಅದು ನಿಮ್ಮಿಂದ ಕೇಳಿ ಪಡೆಯುತ್ತದೆ.

ಎರಡನೆಯ ಅನುಮಾನ ಲಾಕ್‌ಗಳ ಮೇಲೆ. ಕೆಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ತಂತ್ರಾಂಶ ಕೆಲವು ದಿನ ಚುರುಕಾಗಿರುತ್ತಿತ್ತು, ಕೆಲವು ದಿನ ಪ್ರತಿ ಕ್ಲಿಕ್‌ಗೂ ಎರಡು ಮೂರು ಸೆಕೆಂಡ್ ತಡವರಿಸುತ್ತಿತ್ತು. ಭಾರದ ಕೆಲಸವೆಲ್ಲ ಹಿನ್ನೆಲೆಯಲ್ಲೇ ಇತ್ತು, ಎಲ್ಲ ಕೋಡನ್ನೂ ಓದಿದರೂ ಏನೂ ಸಿಗಲಿಲ್ಲ. ಕೊನೆಗೆ ತಡವರಿಸುತ್ತಿರುವ ಹೊತ್ತಿನಲ್ಲೇ ಡಿಬಗರ್‌ನಿಂದ (ಓಡುತ್ತಿರುವ ತಂತ್ರಾಂಶದ ಒಳಗನ್ನು ತೋರಿಸುವ ಸಾಧನ) ಅದನ್ನು ತಡೆದು ನಿಲ್ಲಿಸಿ ಮುಖ್ಯ ಥ್ರೆಡ್‌ನ ಸ್ಟ್ಯಾಕ್, ಅಂದರೆ ಅದು ಆ ಗಳಿಗೆಯಲ್ಲಿ ಯಾವ ಫಂಕ್ಷನ್‌ಗಳ ಒಳಗಿದೆ ಎಂಬ ಪಟ್ಟಿ, ನೋಡಿದೆ. ಅದು ಲಾಗ್ ಕಡತದ ಲಾಕ್‌ಗಾಗಿ ಕಾಯುತ್ತಿತ್ತು! ‘ಬಳಕೆದಾರರು ಈ ಬಟನ್ ಒತ್ತಿದರು’ ಎಂಬ ಒಂದು ಸಾಲು ಬರೆಯುವುದಕ್ಕೆ. ಆ ಲಾಕ್ ಹಿಡಿದಿದ್ದ ಹಿನ್ನೆಲೆಯ ಥ್ರೆಡ್, ಲಾಗ್ ಅನ್ನು ನೆಟ್‌ವರ್ಕ್‌ನಲ್ಲಿದ್ದ ಡಿಸ್ಕ್‌ಗೆ ಬರೆಯುತ್ತಾ ಕೂತಿತ್ತು. ನೆಟ್‌ವರ್ಕ್ ನಿಧಾನವಾದ ದಿನ ಕ್ಲಿಕ್ಕೂ ನಿಧಾನ. ಲಾಕ್ ಬರೆದವರು ಯಾರೂ ತಪ್ಪು ಮಾಡಿರಲಿಲ್ಲ. ತಾವು ಬರೆದ ಲಾಕ್ ಅನ್ನು ಮುಖ್ಯ ಥ್ರೆಡ್ ಕೂಡ ಮುಟ್ಟುತ್ತದೆ ಎಂಬುದು ಅವರ ಗಮನಕ್ಕೆ ಬಂದಿರಲಿಲ್ಲ, ಅಷ್ಟೇ. ಮುಖ್ಯ ಥ್ರೆಡ್ ಒಂದು ಲಾಕ್‌ಗೆ ಕೈಹಾಕಿತೆಂದರೆ, ಅದನ್ನು ಹಿಡಿಯಬಲ್ಲ ಅತ್ಯಂತ ನಿಧಾನದ ಥ್ರೆಡ್‌ನಷ್ಟೇ ಅದರ ವೇಗ.

ಹಿನ್ನೆಲೆಯ ಥ್ರೆಡ್‌ನ ಆದ್ಯತೆ ಇಳಿಸಿದರೆ ಮುಖ್ಯ ಥ್ರೆಡ್ ಚುರುಕಾಗುತ್ತದೆ ಎಂದು ಕೆಲವರು ಸಲಹೆ ಕೊಡುತ್ತಾರೆ. ಲಾಕ್ ಹಂಚಿಕೊಂಡಿರುವಾಗ ಅದು ಅಪಾಯದ ಸಲಹೆ. 1997ರಲ್ಲಿ ಮಂಗಳನ ಮೇಲೆ ಇಳಿದ ಪಾಥ್‌ಫೈಂಡರ್ ನೌಕೆಯ ಕಂಪ್ಯೂಟರ್ ಮತ್ತೆ ಮತ್ತೆ ತಾನಾಗಿ ರೀಸೆಟ್ ಆಗುತ್ತಿದ್ದುದು ಇದೇ ಕಾರಣಕ್ಕೆ. ಹವಾಮಾನದ ಮಾಹಿತಿ ಕೂಡಿಸುವ, ಕಡಿಮೆ ಆದ್ಯತೆಯ ಕೆಲಸವೊಂದು ಲಾಕ್ ಹಿಡಿದಿರುತ್ತಿತ್ತು. ನಡುವಿನ ಆದ್ಯತೆಯ ಕೆಲಸಗಳು ಬಂದು ಅದನ್ನು ಓಡಲು ಬಿಡುತ್ತಿರಲಿಲ್ಲ. ಹೆಚ್ಚಿನ ಆದ್ಯತೆಯ ಕೆಲಸವೊಂದು ಆ ಲಾಕ್‌ಗಾಗಿ ಕಾದು ಗಡುವು ತಪ್ಪುತ್ತಿತ್ತು. ಲಾಕ್ ಹಿಡಿದವರಿಗೆ ಕಾಯುವವರ ಆದ್ಯತೆಯನ್ನೇ ತಾತ್ಕಾಲಿಕವಾಗಿ ಕೊಡುವ ಸೌಲಭ್ಯವನ್ನು ಭೂಮಿಯಿಂದಲೇ ಚಾಲೂ ಮಾಡಿ ಅದನ್ನು ಸರಿಪಡಿಸಿದರು. ನಿಮ್ಮಲ್ಲಿ ಲಾಕ್ ಅನ್ನೇ ತಪ್ಪಿಸುವುದು ಸುಲಭ. ದಾಖಲೆಗಳ ಸಂಗ್ರಹವನ್ನು ಬದಲಾಗದ ಪ್ರತಿಯಾಗಿ ಹುಡುಕಾಟಕ್ಕೆ ಕೊಡಿ. ಹೊಸ ದಾಖಲೆ ಬಂದಾಗ ಹಳೆಯ ಪ್ರತಿಯನ್ನು ತಿದ್ದದೆ, ಹೊಸ ಪ್ರತಿ ಸಿದ್ಧಮಾಡಿ ಅದರ ಕಡೆಗೆ ತೋರುವ ಒಂದು ಸೂಚಿಯನ್ನು ಮಾತ್ರ ಬದಲಿಸಿ. ಓದುತ್ತಿರುವವರು ಹಳೆಯದನ್ನು ಓದಿ ಮುಗಿಸುತ್ತಾರೆ, ಯಾರೂ ಯಾರನ್ನೂ ಕಾಯುವುದಿಲ್ಲ.

ಮೂರನೆಯದು ನೇರವಾದ ಕಾಯುವಿಕೆ. ಮುಖ್ಯ ಥ್ರೆಡ್‌ನ ಕೋಡ್‌ನಲ್ಲಿ ‘ವೇಟ್’, ‘ಜಾಯಿನ್’, ‘ರಿಸಲ್ಟ್’ ಎಂಬ ಪದಗಳನ್ನು (ಇನ್ನೊಂದು ಕೆಲಸ ಮುಗಿಯುವವರೆಗೆ ಥ್ರೆಡ್ ಅನ್ನು ತಡೆದಿಡುವ ಕರೆಗಳು) ಹುಡುಕಿ ನೋಡಿ. 2012ರಲ್ಲಿ ಸಿ ಶಾರ್ಪ್‌ಗೆ, ಥ್ರೆಡ್ ಅನ್ನು ತಡೆಯದೆ ಕಾಯುವ ‘ಅವೇಟ್’ ಬಂದ ಮೇಲೆ ಈ ತಪ್ಪು ಕಡಿಮೆಯಾಗಬೇಕಿತ್ತು, ಬದಲಿಗೆ ಹೊಸ ರೂಪ ಪಡೆಯಿತು. ‘ಅವೇಟ್’ ಇರುವ ಫಂಕ್ಷನ್ ತನ್ನ ಉಳಿದ ಭಾಗವನ್ನು ಮುಖ್ಯ ಥ್ರೆಡ್‌ನಲ್ಲೇ ಮುಂದುವರಿಸಲು ಸರದಿಗೆ ಸಂದೇಶ ಹಾಕುತ್ತದೆ. ಅದೇ ಫಂಕ್ಷನ್‌ನ ‘ರಿಸಲ್ಟ್’ಗಾಗಿ ಮುಖ್ಯ ಥ್ರೆಡ್ ಕಾಯುತ್ತಾ ನಿಂತಿದ್ದರೆ ಆ ಸಂದೇಶವನ್ನು ಎತ್ತಿಕೊಳ್ಳುವವರೇ ಇಲ್ಲ. ಎರಡೂ ಕೊನೆಯಿಲ್ಲದೆ ಕಾಯುತ್ತವೆ. ಹಿನ್ನೆಲೆಯ ಥ್ರೆಡ್, ಮುಖ್ಯ ಥ್ರೆಡ್‌ಗೆ ಕೆಲಸ ಹೇಳಿ ಅದು ಮುಗಿಯುವವರೆಗೆ ಕಾಯುವ ‘ಇನ್ವೋಕ್’ ಕರೆದು, ಮುಖ್ಯ ಥ್ರೆಡ್ ‘ಜಾಯಿನ್’ ಕರೆದಾಗಲೂ ಇದೇ ಕಥೆ. ಹಿನ್ನೆಲೆಯಿಂದ ಮುಂದಕ್ಕೆ ಹೇಳುವಾಗ ‘ಬಿಗಿನ್‌ಇನ್ವೋಕ್’ ಬಳಸಿ: ಹೇಳಿ ಹೊರಟುಬಿಡುತ್ತದೆ, ಉತ್ತರಕ್ಕೆ ನಿಲ್ಲುವುದಿಲ್ಲ.

ಹಳೆಯ ಪದದ ಫಲಿತಾಂಶ ಬಂದು ಕೂರುವ ನಿಮ್ಮ ಎರಡನೆಯ ದೂರು ನನಗೆ ಮೊದಲನೆಯದಕ್ಕಿಂತ ಗಂಭೀರವಾಗಿ ಕಾಣುತ್ತದೆ. ವಿಂಡೋ ನಿಂತರೆ ಬಳಕೆದಾರರಿಗೆ ಗೊತ್ತಾಗುತ್ತದೆ. ಪೆಟ್ಟಿಗೆಯಲ್ಲಿ ಒಂದು ಪದ, ಪಟ್ಟಿಯಲ್ಲಿ ಇನ್ನೊಂದರ ಉತ್ತರ ಇದ್ದರೆ ಅವರಿಗೆ ಗೊತ್ತಾಗದೇ ಹೋಗಬಹುದು. ಕಂಡದ್ದನ್ನು ನಂಬಿ ಮುಂದಿನ ಹೆಜ್ಜೆ ಇಡುತ್ತಾರೆ.

ಇದು ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಥೆರಾಕ್ 25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ಕಥೆ ಸಾಕ್ಷಿ. 1985ರಿಂದ 1987ರ ನಡುವೆ ಅದರಿಂದ ಆರು ಅಪಘಾತಗಳಾದವು, ರೋಗಿಗಳಿಗೆ ಅಗತ್ಯಕ್ಕಿಂತ ಎಷ್ಟೋ ಪಟ್ಟು ಹೆಚ್ಚು ವಿಕಿರಣ ತಾಗಿತು, ಕೆಲವರು ಸತ್ತರು. ಅವುಗಳಲ್ಲಿ 1986ರಲ್ಲಿ ಟೆಕ್ಸಾಸ್‌ನ ಟೈಲರ್‌ನಲ್ಲಿ ನಡೆದ ಎರಡು ಅಪಘಾತಗಳ ಮೂಲ ಇನ್‌ಪುಟ್ ನಿರ್ವಹಣೆಯಲ್ಲೇ ಇತ್ತು. ಯಂತ್ರದ ತಂತ್ರಾಂಶದಲ್ಲಿ ಕೀಲಿಮಣೆಯನ್ನು ನೋಡಿಕೊಳ್ಳುವ ಕೆಲಸ ಒಂದು, ಚಿಕಿತ್ಸೆಗೆ ಯಂತ್ರವನ್ನು ಅಣಿಗೊಳಿಸುವ ಕೆಲಸ ಇನ್ನೊಂದು. ಎರಡೂ ಏಕಕಾಲದಲ್ಲಿ ಓಡುತ್ತಾ ಕೆಲವು ವೇರಿಯಬಲ್‌ಗಳನ್ನು ಹಂಚಿಕೊಂಡಿದ್ದವು. ಆಪರೇಟರ್ ಎಲೆಕ್ಟ್ರಾನ್ ಕಿರಣ ಎಂದು ಒತ್ತಬೇಕಾದ ಕಡೆ ಎಕ್ಸ್‌ರೇ ಎಂದು ಒತ್ತಿದರು. ತಪ್ಪು ಕಂಡ ಕೂಡಲೇ ಕರ್ಸರ್ ಅನ್ನು ಮೇಲಕ್ಕೆ ಒಯ್ದು ತಿದ್ದಿ ಮತ್ತೆ ಕೆಳಗೆ ಬಂದರು. ಅಷ್ಟರಲ್ಲಿ ಅಣಿಗೊಳಿಸುವ ಕೆಲಸ ಅಯಸ್ಕಾಂತಗಳನ್ನು ಹೊಂದಿಸಲು ತೊಡಗಿತ್ತು. ಅದಕ್ಕೆ ಸುಮಾರು 8 ಸೆಕೆಂಡ್ ಬೇಕು. ಆ 8 ಸೆಕೆಂಡ್‌ಗಳೊಳಗೆ ತಿದ್ದಿ ಮುಗಿಸಿದರೆ ತಿದ್ದುಪಡಿ ಯಂತ್ರಕ್ಕೆ ತಿಳಿಯುತ್ತಲೇ ಇರಲಿಲ್ಲ. ಪರದೆಯ ಮೇಲೆ ಮಾತ್ರ ತಿದ್ದಿದ ಮಾತೇ ಕಾಣುತ್ತಿತ್ತು. ಅನುಭವವಿದ್ದು ಕೈ ಚುರುಕಾದ ಆಪರೇಟರ್ ಆಗಿದ್ದದ್ದೇ ಅಪಾಯಕ್ಕೆ ದಾರಿಯಾಯಿತು. ಇದನ್ನು ಮೊದಲ ಸಲ ಓದಿದಾಗ ನನಗೆ ಆ ರಾತ್ರಿ ನಿದ್ದೆ ಬಂದಿರಲಿಲ್ಲ. ಅವಸರದಲ್ಲಿ ಟೈಪ್ ಮಾಡುವ ಬಳಕೆದಾರರನ್ನು ನಾನು ಅಂದಿನಿಂದ ಬೇರೆ ಕಣ್ಣಿನಿಂದ ನೋಡುತ್ತೇನೆ.

ನಿಮ್ಮ ತಂತ್ರಾಂಶದಲ್ಲಿ ಇದಕ್ಕೆ ಮದ್ದು ಬಹಳ ಚಿಕ್ಕದು. ಮುಖ್ಯ ಥ್ರೆಡ್‌ನಲ್ಲಿ ಒಂದು ಎಣಿಕೆಯ ಸಂಖ್ಯೆ ಇಡಿ. ಪೆಟ್ಟಿಗೆಯ ಪದ ಬದಲಾದಾಗಲೆಲ್ಲ ಅದನ್ನು ಒಂದರಿಂದ ಹೆಚ್ಚಿಸಿ, ಪದದ ಜೊತೆಗೆ ಆ ಸಂಖ್ಯೆಯನ್ನೂ ಹುಡುಕಾಟಕ್ಕೆ ಕಳುಹಿಸಿ. ಹುಡುಕಾಟ ತನ್ನ ಪ್ರತಿ ಕಟ್ಟಿನ ಮೇಲೂ ಅದೇ ಸಂಖ್ಯೆ ಬರೆದು ಹಿಂದಿರುಗಿಸಲಿ. ಕಟ್ಟು ಮುಖ್ಯ ಥ್ರೆಡ್‌ಗೆ ತಲುಪಿದಾಗ ಎರಡು ಸಂಖ್ಯೆಗಳನ್ನು ಹೋಲಿಸಿ. ಹುಡುಕಾಟಕ್ಕೆ ಹೋದದ್ದು 17, ಈಗ ಎಣಿಕೆ 19 ಎಂದಿದ್ದರೆ ಆ ಕಟ್ಟು ಎಷ್ಟೇ ಕಷ್ಟಪಟ್ಟು ಸಿದ್ಧವಾಗಿರಲಿ, ಕಸದ ಬುಟ್ಟಿಗೆ. ಸಂಖ್ಯೆಯನ್ನು ಹೆಚ್ಚಿಸುವುದೂ ಹೋಲಿಸುವುದೂ ಮುಖ್ಯ ಥ್ರೆಡ್ಡೇ ಆದ್ದರಿಂದ ಇದಕ್ಕೆ ಲಾಕ್ ಬೇಕಿಲ್ಲ. ಹೋಲಿಕೆಯನ್ನು ಹಿನ್ನೆಲೆಯಲ್ಲಿ ಮಾಡಿ ಆಮೇಲೆ ಕಳುಹಿಸುವ ಬುದ್ಧಿವಂತಿಕೆ ಬೇಡ. ಹೋಲಿಸಿದ ಗಳಿಗೆಗೂ ಪಟ್ಟಿಗೆ ಸೇರುವ ಗಳಿಗೆಗೂ ನಡುವೆ ಇನ್ನೊಂದು ಕೀ ಬಿದ್ದಿರಬಹುದು.

ಪ್ರತಿ ಕೀಗೂ ಹುಡುಕಾಟ ಆರಂಭಿಸಬೇಕೇ ಎಂಬುದನ್ನೂ ಯೋಚಿಸಿ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ, ಯುನಿಕೋಡ್‌ನಲ್ಲಿ ಆರು ಸಂಕೇತಗಳು. ಅದು ಪೂರ್ತಿಯಾಗುವ ಮುನ್ನ ಪೆಟ್ಟಿಗೆಯಲ್ಲಿ ‘ಸ’, ‘ಸ್’, ‘ಸ್ತ’, ‘ಸ್ತ್’, ‘ಸ್ತ್ರ’ ಎಂದು ಐದು ಅರೆಬರೆ ರೂಪಗಳು ಹಾದುಹೋಗುತ್ತವೆ. ಬಳಕೆದಾರರು ಅವುಗಳಲ್ಲಿ ಯಾವುದನ್ನೂ ಹುಡುಕಲು ಬಯಸಿರಲಿಲ್ಲ. ಕೊನೆಯ ಕೀ ಬಿದ್ದು 150 ಮಿಲಿಸೆಕೆಂಡ್‌ಗಳಷ್ಟು ಕಾದು, ಹೊಸ ಕೀ ಬಾರದಿದ್ದರೆ ಮಾತ್ರ ಹುಡುಕಲು ಹೊರಡಿ. ಇದನ್ನು ಟೈಮರ್‌ನಿಂದ ಮಾಡಬೇಕು, ಥ್ರೆಡ್ ಅನ್ನೇ ಮಲಗಿಸುವ ‘ಸ್ಲೀಪ್’ನಿಂದ ಅಲ್ಲ. ಎಣಿಕೆಯ ಸಂಖ್ಯೆಯನ್ನು ಮಾತ್ರ ಪ್ರತಿ ಕೀಗೂ ತಪ್ಪದೆ ಹೆಚ್ಚಿಸಿ.

ಇನ್ನು ‘ನಿಲ್ಲಿಸು’ ಬಟನ್. ಹೊರಗಿನಿಂದ ಥ್ರೆಡ್‌ನ ಕತ್ತು ಹಿಸುಕಿ ನಿಲ್ಲಿಸುವ ದಾರಿಗಳು ಹಿಂದೆ ಇದ್ದವು. ಲಾಕ್ ಹಿಡಿದಿರುವ ಥ್ರೆಡ್ ಸತ್ತರೆ ಆ ಲಾಕ್ ಕಾಪಾಡುತ್ತಿದ್ದ ದತ್ತಾಂಶ ಅರ್ಧ ಬದಲಾದ ಸ್ಥಿತಿಯಲ್ಲೇ ಉಳಿಯುತ್ತದೆ. ಆ ಕಾರಣಕ್ಕೆ ಜಾವಾದವರು ಥ್ರೆಡ್‌ನ ‘ಸ್ಟಾಪ್’ ಅನ್ನು 1998ರಲ್ಲೇ ಬಳಸಬೇಡಿ ಎಂದರು, ಹೊಸ ಡಾಟ್‌ನೆಟ್‌ನಲ್ಲಿ ‘ಅಬಾರ್ಟ್’ ಕರೆದರೆ ದೋಷವೇ ಬರುತ್ತದೆ. ನಿಲ್ಲುವುದು ಕೆಲಸ ಮಾಡುವವರ ಸಹಕಾರದಿಂದಲೇ ಆಗಬೇಕು. ‘ಕ್ಯಾನ್ಸಲೇಷನ್ ಟೋಕನ್’ (ನಿಲ್ಲಲು ಹೇಳಲಾಗಿದೆಯೇ ಎಂದು ತಿಳಿಸುವ ವಸ್ತು) ಅನ್ನು ಹುಡುಕಾಟಕ್ಕೆ ಕೊಟ್ಟು, ಪ್ರತಿ ಸಾವಿರ ದಾಖಲೆಗೊಮ್ಮೆ ಅದನ್ನು ನೋಡಲು ಹೇಳಿ. ನಿಮ್ಮ ಬಟನ್ ಕೆಲಸ ಮಾಡದಿರುವುದಕ್ಕೆ ನಾನು ಊಹಿಸುವ ಕಾರಣ ಎರಡು: ಟೋಕನ್ ಅನ್ನು ಲೂಪ್‌ನ ಆರಂಭದಲ್ಲಿ ಒಮ್ಮೆ ಮಾತ್ರ ನೋಡುತ್ತಿದ್ದೀರಿ, ಇಲ್ಲವೇ ಡಿಸ್ಕ್‌ನಿಂದ ಓದುವ ಉದ್ದನೆಯ ಕರೆಯೊಂದಕ್ಕೆ ಟೋಕನ್ ಅನ್ನು ದಾಟಿಸಿಲ್ಲ. ಬಟನ್ ಒತ್ತಿದ ಕ್ಷಣವೇ ಅದರ ಮೇಲಿನ ಬರಹ ‘ನಿಲ್ಲಿಸುತ್ತಿದೆ’ ಎಂದಾಗಲಿ. ಎಣಿಕೆಯ ಸಂಖ್ಯೆ ಆಗಲೇ ಹೆಚ್ಚಿದ್ದರೆ ಹುಡುಕಾಟ ನಿಜವಾಗಿ ನಿಲ್ಲಲು ಅರ್ಧ ಸೆಕೆಂಡ್ ಹಿಡಿದರೂ ಚಿಂತೆಯಿಲ್ಲ, ಅದರ ಫಲಿತಾಂಶ ಪಟ್ಟಿಗೆ ಬರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಬಟನ್ ಸ್ಪಂದಿಸಲಿ ಎಂದು ಉದ್ದನೆಯ ಲೂಪ್‌ನ ನಡುವೆ ‘ಡುಇವೆಂಟ್ಸ್’ ಕರೆಯುವ ಸಲಹೆ ಎಲ್ಲಾದರೂ ಕಂಡರೆ ದಯವಿಟ್ಟು ಪಾಲಿಸಬೇಡಿ. ಅದು ಸರದಿಯಲ್ಲಿರುವ ಎಲ್ಲ ಸಂದೇಶಗಳನ್ನೂ ಅಲ್ಲೇ, ನಿಮ್ಮ ಫಂಕ್ಷನ್‌ನ ಹೊಟ್ಟೆಯೊಳಗೇ ನಡೆಸುತ್ತದೆ. ಬಳಕೆದಾರರು ಅದೇ ಹೊತ್ತಿಗೆ ಮತ್ತೊಂದು ಅಕ್ಷರ ಒತ್ತಿದರೆ ಮೊದಲ ಹುಡುಕಾಟ ಮುಗಿಯುವ ಮುನ್ನ ಅದರೊಳಗೆ ಎರಡನೆಯದು ಶುರುವಾಗುತ್ತದೆ. ವಿಂಡೋ ಮುಚ್ಚಿದರೆ, ಹಿಂದಿರುಗುವ ಹೊತ್ತಿಗೆ ನೀವು ತುಂಬುತ್ತಿದ್ದ ಪಟ್ಟಿಯೇ ಇರುವುದಿಲ್ಲ. ಒಂದೇ ಥ್ರೆಡ್ ಇದ್ದೂ ಹಲವು ಥ್ರೆಡ್‌ಗಳ ಎಲ್ಲ ಕಷ್ಟಗಳನ್ನು ತಂದುಕೊಳ್ಳುವ ದಾರಿ ಅದು.

ವೆಬ್ ಪುಟಗಳಲ್ಲೂ ನಿಯಮ ಇದೇ, ಹೆಸರುಗಳು ಬೇರೆ. ಪುಟದ ಜಾವಾಸ್ಕ್ರಿಪ್ಟ್ ಓಡುವುದೂ ಇನ್‌ಪುಟ್‌ಗೆ ಉತ್ತರ ಸಿಗುವುದೂ ಒಂದೇ ಥ್ರೆಡ್‌ನಲ್ಲಿ, ಭಾರದ ಕೆಲಸಕ್ಕೆ ಬೇರೆ ಥ್ರೆಡ್‌ನಲ್ಲಿ ಓಡುವ ವೆಬ್ ವರ್ಕರ್‌ಗಳಿವೆ. 2024ರ ಮಾರ್ಚ್‌ನಿಂದ ಗೂಗಲ್ ತನ್ನ ಮುಖ್ಯ ಅಳತೆಗಳಲ್ಲಿ, ಬಳಕೆದಾರರ ಕ್ರಿಯೆಯಿಂದ ಪರದೆಯ ಮುಂದಿನ ಬದಲಾವಣೆಯವರೆಗಿನ ಸಮಯವನ್ನು ಸೇರಿಸಿದೆ. 200 ಮಿಲಿಸೆಕೆಂಡ್‌ನೊಳಗಿದ್ದರೆ ಉತ್ತಮ, 500 ದಾಟಿದರೆ ಕಳಪೆ.

ಇವುಗಳಲ್ಲಿ ಯಾವುದು ನಿಮ್ಮ ತೊಂದರೆ ಎಂದು ಊಹಿಸುವ ಬದಲು ಅಳೆದು ನೋಡಿ. ಒಂದು ಪುಟ್ಟ ಕಾವಲು ಥ್ರೆಡ್ ಬರೆಯಿರಿ. ಅದು 100 ಮಿಲಿಸೆಕೆಂಡ್‌ಗೊಮ್ಮೆ ಮುಖ್ಯ ಥ್ರೆಡ್‌ಗೆ ಖಾಲಿ ಸಂದೇಶವೊಂದನ್ನು ಹಾಕಿ, ಅದು ನಡೆಯಲು ಎಷ್ಟು ಹೊತ್ತಾಯಿತು ಎಂದು ನೋಡಲಿ. ಡಬ್ಲ್ಯೂಪಿಎಫ್ ಆದರೆ ಈ ಸಂದೇಶವನ್ನು ‘ಇನ್‌ಪುಟ್’ ಆದ್ಯತೆಯಲ್ಲೇ ಹಾಕಿ, ಆಗಲೇ ಬಳಕೆದಾರರು ಅನುಭವಿಸುವ ವಿಳಂಬ ಗೊತ್ತಾಗುವುದು. 200 ಮಿಲಿಸೆಕೆಂಡ್ ದಾಟಿದಾಗಲೆಲ್ಲ ಸಮಯವನ್ನೂ, ಆಗ ಯಾವ ಕೆಲಸ ನಡೆದಿತ್ತು ಎಂಬುದನ್ನೂ ಬರೆದಿಟ್ಟುಕೊಳ್ಳಿ. ವಿಂಡೋ ಬಿಳಿಚಿಕೊಂಡಾಗ ಡಿಬಗರ್‌ನಲ್ಲಿ ತಡೆದು ಮುಖ್ಯ ಥ್ರೆಡ್‌ನ ಸ್ಟ್ಯಾಕ್ ಓದಿ. ಲಾಕ್‌ನಲ್ಲಿ ನಿಂತಿದ್ದರೆ ಎರಡನೆಯ ಅನುಮಾನ, ‘ವೇಟ್’ ಕಂಡರೆ ಮೂರನೆಯದು, ಪ್ರತಿ ಸಲ ತಡೆದಾಗಲೂ ಪಟ್ಟಿಗೆ ಸಾಲು ಸೇರಿಸುವ ಕೋಡ್‌ನಲ್ಲೇ ಸಿಕ್ಕರೆ ಮೊದಲನೆಯದು. ಪರೀಕ್ಷೆಯನ್ನು ನಿಮ್ಮ ವೇಗದ ಯಂತ್ರದಲ್ಲಿ ಮಾಡಬೇಡಿ. ಹಳೆಯ ಡಿಸ್ಕ್, ಕಡಿಮೆ ಕೋರ್‌ಗಳಿರುವ ಯಂತ್ರದಲ್ಲಿ ಮಾಡಿ.

ನೀವು ಕೇಳದ ಒಂದು ಜಾಗ ಉಳಿದಿದೆ, ಅಲ್ಲೂ ಇದೇ ತಪ್ಪು ಇರುತ್ತದೆ ಎಂಬ ಅನುಮಾನ ನನಗಿದೆ: ವಿಂಡೋ ಮುಚ್ಚುವ ಗಳಿಗೆ. ಹುಡುಕಾಟ ನಡೆಯುತ್ತಿರುವಾಗಲೇ ಬಳಕೆದಾರರು ಮುಚ್ಚಿದರೆ ಅನೇಕರು ಮುಚ್ಚುವ ಫಂಕ್ಷನ್‌ನಲ್ಲೇ ಹಿನ್ನೆಲೆಯ ಥ್ರೆಡ್‌ಗಾಗಿ ‘ಜಾಯಿನ್’ ಕರೆದು ಕಾಯುತ್ತಾರೆ. ಹೋಗುತ್ತೇನೆ ಎಂದವರ ಮುಂದೆ ವಿಂಡೋ ಬಿಳಿಚಿಕೊಂಡು ನಿಲ್ಲುತ್ತದೆ. ಮೊದಲ ಮುಚ್ಚುವಿಕೆಯನ್ನು ತಡೆಹಿಡಿದು, ವಿಂಡೋವನ್ನು ಪರದೆಯಿಂದ ಮರೆಮಾಡಿ, ಟೋಕನ್‌ಗೆ ನಿಲ್ಲಲು ಹೇಳಿ, ಲೂಪ್ ತಿರುಗುತ್ತಿರಲು ಬಿಡಿ. ‘ನಿಂತೆ, ಕಡತಗಳನ್ನು ಮುಚ್ಚಿದೆ’ ಎಂಬ ಸಂದೇಶ ಹಿನ್ನೆಲೆಯಿಂದ ಬಂದ ಮೇಲೆ ವಿಂಡೋವನ್ನು ನಿಜವಾಗಿ ಮುಚ್ಚಿ. ಹತ್ತು ಸೆಕೆಂಡ್ ಕಳೆದರೂ ಆ ಸಂದೇಶ ಬಾರದಿದ್ದರೆ, ಟೋಕನ್ ತಲುಪದ ಇನ್ನೊಂದು ಉದ್ದನೆಯ ಕರೆ ನಿಮ್ಮ ಕೋಡ್‌ನಲ್ಲಿ ಉಳಿದಿದೆ ಎಂದರ್ಥ.